ಅಗಲ ಮೈ, ಗಿಡ್ಡ ಬೆನ್ನಿನ ತಟ್ಟುಕುದುರೆಗೆ ಹೊಂದುವ ಜೀನು: ಅಳತೆಯಿಂದ ಸವಾರಿಯವರೆಗೆ

ದುಂಡು ಮೈಯ ತಟ್ಟುಕುದುರೆಯ ಮೇಲೆ ಜೀನು ಪಕ್ಕಕ್ಕೆ ಜಾರಿದರೆ ಹೆಚ್ಚಿನವರು ಎರಡು ಕೆಲಸ ಮಾಡುತ್ತಾರೆ. ಮೊದಲು ಹೊಟ್ಟೆಪಟ್ಟಿಯನ್ನು ಇನ್ನೊಂದು ತೂತು ಬಿಗಿಯುತ್ತಾರೆ. ಅದೂ ಸಾಲದಿದ್ದರೆ ಇನ್ನೂ ಕಿರಿದಾದ ಜೀನು ತರುತ್ತಾರೆ, ಗಟ್ಟಿಯಾಗಿ ಕಚ್ಚಿಕೊಂಡು ಕೂರಲಿ ಅಂತ. ಎರಡರಿಂದಲೂ ಕುದುರೆಗೆ ನೋವಾಗುತ್ತದೆ, ಜಾರುವುದು ಮಾತ್ರ ನಿಲ್ಲುವುದಿಲ್ಲ. ಕಿರಿದಾದ ಜೀನು ಅಗಲ ಬೆನ್ನಿನ ಮೇಲೆ ಕೂರುವುದೇ ಇಲ್ಲ. ಅದು ಬೆನ್ನಿಗಿಂತ ಮೇಲೆ ನಿಂತಿರುತ್ತದೆ, ಹಾಗೆ ನಿಂತದ್ದು ಇನ್ನೂ ಬೇಗ ಉರುಳುತ್ತದೆ.

ಇಂಥ ಕುದುರೆಗೆ ಬೇಕಾದದ್ದು ಬಿಗಿ ಅಲ್ಲ, ಆಕಾರ. ಜೀನಿನ ಒಳಮೈ ಬೆನ್ನಿನ ಆಕಾರಕ್ಕೆ ಹೊಂದಿದ್ದರೆ, ಹೊಟ್ಟೆಪಟ್ಟಿಯನ್ನು ಸಾಧಾರಣ ಬಿಗಿದರೂ ಜೀನು ತನ್ನ ಜಾಗದಲ್ಲಿ ಇರುತ್ತದೆ. ಶೆಟ್‌ಲ್ಯಾಂಡ್, ಹೈಲ್ಯಾಂಡ್, ಫೆಲ್, ವೆಲ್ಷ್ ಕಾಬ್, ಹಾಫ್ಲಿಂಗರ್, ಫ್ಯೋರ್ಡ್ ತಳಿಗಳನ್ನು ಸಾಕುವವರಿಗೆಲ್ಲ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಕುದುರೆಯ ಎತ್ತರ ನೋಡಿ ಜೀನು ಆರಿಸುವುದು ದಾರಿ ತಪ್ಪಿಸುತ್ತದೆ. 107 ಸೆಂಟಿಮೀಟರ್ ಕೂಡ ದಾಟದ ಶೆಟ್‌ಲ್ಯಾಂಡ್‌ಗೆ ಎತ್ತರದ ಥರೋಬ್ರೆಡ್ ಕುದುರೆಗಿಂತ ಅಗಲದ ಜೀನು ಬೇಕಾಗಬಹುದು.

ಅಗಲ ಇರುವುದು ಮೂಳೆಯಲ್ಲೋ ಕೊಬ್ಬಿನಲ್ಲೋ?

ಅಳತೆಗೆ ಕೈ ಹಾಕುವ ಮೊದಲು ಇದನ್ನು ತೀರ್ಮಾನಿಸಿ. ಪಕ್ಕೆಲುಬುಗಳ ಮೇಲೆ ಅಂಗೈ ಇಟ್ಟು ಹಗುರವಾಗಿ ಸವರಿ. ಎಲುಬು ಕಣ್ಣಿಗೆ ಕಾಣಬಾರದು, ಆದರೆ ಕೈಗೆ ಸುಲಭವಾಗಿ ಸಿಗಬೇಕು. ಒತ್ತಿ ಹುಡುಕಬೇಕಾದರೆ ಕೊಬ್ಬು ಜಾಸ್ತಿ ಇದೆ. ಕುತ್ತಿಗೆಯ ಮೇಲಂಚು ಗಟ್ಟಿಯಾಗಿ ಉಬ್ಬಿದ್ದರೆ, ಹೆಗಲ ಮೂಳೆಯ ಹಿಂದೆ ಮೆತ್ತಗಿನ ದಿಂಡು ಕೈಗೆ ಸಿಕ್ಕರೆ, ಅದೂ ಕೊಬ್ಬೇ. 1983ರಲ್ಲಿ ಡಾನ್ ಹೆನೆಕೆ ರೂಪಿಸಿದ ಅಳತೆಗೋಲಿನಲ್ಲಿ ಕುದುರೆಯ ಮೈಗೆ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. 5 ಅಂದರೆ ಹದ. 7 ದಾಟಿದ್ದರೆ ಜೀನಿಗಿಂತ ಮೊದಲು ಮೇವಿನ ಕಡೆ ಗಮನ ಕೊಡಿ. ತಟ್ಟುಕುದುರೆಗಳಿಗೆ ಕೊಬ್ಬಿನಿಂದ ಗೊರಸಿನ ಉರಿಯೂತ, ಅಂದರೆ ಲ್ಯಾಮಿನೈಟಿಸ್, ಬರುವ ಅಪಾಯ ದೊಡ್ಡದು.

ಜೀನಿನ ಲೆಕ್ಕದಲ್ಲೂ ಇದು ಮುಖ್ಯ. ಕೊಬ್ಬು ಕರಗಿದರೆ ಬೆನ್ನಿನ ಆಕಾರ ಬದಲಾಗುತ್ತದೆ, ಇಂದು ಹೊಂದಿದ ಜೀನು ನಾಲ್ಕು ತಿಂಗಳಲ್ಲಿ ಸಡಿಲವಾಗುತ್ತದೆ. ತೂಕ ಇಳಿಸುವ ಯೋಚನೆ ಇದ್ದರೆ ಅಗಲ ಬದಲಿಸಬಹುದಾದ ಜೀನನ್ನೇ ನೋಡಿ. ಮೈಕಟ್ಟೇ ಅಗಲ ಅಂತ ಖಾತ್ರಿಯಾದ ಮೇಲೆ ಒಂದೇ ಅಳತೆಯ ಒಳ್ಳೆಯ ಜೀನಿಗೆ ಹಣ ಹಾಕಿ.

ಜೀನು ಕೂರಬಹುದಾದ ಜಾಗ ಗುರುತಿಸಿ

ಕುದುರೆಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ನಾಲ್ಕೂ ಕಾಲು ಸಮವಾಗಿರಲಿ, ತಲೆ ನೇರ ಮುಂದಕ್ಕಿರಲಿ. ಮೇಯಲು ತಲೆ ತಗ್ಗಿಸಿದರೆ ಬೆನ್ನಿನ ಆಕಾರವೇ ಬದಲಾಗುತ್ತದೆ, ಅಳತೆ ಕೆಡುತ್ತದೆ. ಕೈಯಲ್ಲಿ ಸೀಮೆಸುಣ್ಣ ಇರಲಿ.

ಮೊದಲ ಗುರುತು ಹೆಗಲ ಮೂಳೆಯ ಹಿಂದಿನ ಅಂಚು. ಬೆರಳಿನಿಂದ ಒತ್ತುತ್ತಾ ಹೋದರೆ ಗಟ್ಟಿ ಅಂಚು ಮುಗಿದು ಮೆತ್ತಗಿನ ಮಾಂಸ ಶುರುವಾಗುವ ಜಾಗ ಸಿಗುತ್ತದೆ. ಸಿಗದಿದ್ದರೆ ಒಬ್ಬರು ಮುಂಗಾಲನ್ನು ನಿಧಾನವಾಗಿ ಮುಂದಕ್ಕೆ ಎತ್ತಲಿ. ಕಾಲು ಮುಂದೆ ಹೋದಾಗ ಮೂಳೆಯ ಮೇಲ್ತುದಿ ಹಿಂದಕ್ಕೆ ಸರಿಯುವುದು ನಿಮ್ಮ ಕೈಗೇ ತಿಳಿಯುತ್ತದೆ. ಪ್ರತಿ ಹೆಜ್ಜೆಯಲ್ಲೂ ಆ ಮೂಳೆ ಹೀಗೆ ಹಿಂದೆ ಬರುತ್ತದೆ. ಅದಕ್ಕೇ ಜೀನಿನ ಗಟ್ಟಿ ಭಾಗ ಆ ಅಂಚಿನಿಂದ ಎರಡು ಮೂರು ಬೆರಳು ಹಿಂದೆ ಇರಬೇಕು.

ಎರಡನೆಯ ಗುರುತು ಕೊನೆಯ ಪಕ್ಕೆಲುಬು. ಕುದುರೆಗೆ ಸಾಮಾನ್ಯವಾಗಿ 18 ಜೊತೆ ಪಕ್ಕೆಲುಬು ಇರುತ್ತವೆ. ಹೊಟ್ಟೆಯ ಪಕ್ಕದಲ್ಲಿ ಕೊನೆಯದನ್ನು ಹಿಡಿದು, ಅದರ ಮೇಲೆಯೇ ಬೆರಳಿಟ್ಟು ಬೆನ್ನೆಲುಬಿನ ತನಕ ಹೋಗಿ. ಎಲುಬು ಮೇಲೆ ಹೋಗುತ್ತಾ ಮುಂದಕ್ಕೆ ಬಾಗುತ್ತದೆ. ಕೆಳಗಿನಿಂದ ನೇರವಾಗಿ ಮೇಲಕ್ಕೆ ಗೆರೆ ಎಳೆದರೆ ಇಲ್ಲದ ಜಾಗ ಇದೆ ಅನಿಸುತ್ತದೆ. ಗಿಡ್ಡ ಬೆನ್ನಿನ ಕುದುರೆಯಲ್ಲಿ ಆ ಎರಡು ಮೂರು ಇಂಚಿನ ವ್ಯತ್ಯಾಸವೇ ಎಲ್ಲವನ್ನೂ ನಿರ್ಧರಿಸುತ್ತದೆ. ಕೊನೆಯ ಪಕ್ಕೆಲುಬಿನಿಂದ ಹಿಂದೆ ಸೊಂಟ. ಅಲ್ಲಿ ಭಾರ ಹೊರಲು ಪಕ್ಕೆಲುಬಿನ ಆಸರೆ ಇಲ್ಲ. ಜೀನಿನ ತೂಕ ಆ ಗೆರೆ ದಾಟಬಾರದು.

ಈ ಎರಡು ಗುರುತುಗಳ ನಡುವಿನ ದೂರವನ್ನು ಟೇಪಿನಿಂದ ಅಳೆಯಿರಿ. ಅಳೆಯುವುದು ಬೆನ್ನೆಲುಬಿನ ಮೇಲಲ್ಲ, ಅದರ ಪಕ್ಕದಲ್ಲಿ, ಪ್ಯಾನೆಲ್ ಕೂರುವ ಜಾಗದಲ್ಲಿ. ಪ್ಯಾನೆಲ್ ಅಂದರೆ ಜೀನಿನ ಕೆಳಗೆ ಉಣ್ಣೆ ಅಥವಾ ಫೋಮ್ ತುಂಬಿದ ಎರಡು ದಿಂಬುಗಳು. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಂದೆ ಯಾವ ಜೀನು ನೋಡಿದರೂ ಮೊದಲು ಕೇಳಬೇಕಾದದ್ದು ಪ್ಯಾನೆಲ್ ಬೆನ್ನಿಗೆ ತಾಗುವ ಭಾಗದ ಉದ್ದ ಎಷ್ಟು ಅಂತ. ಸೀಟಿನ ಅಳತೆ ಬೇರೆ. 17 ಇಂಚು ಅಂತ ಬರೆದಿರುವುದು ಸವಾರ ಕೂರುವ ಜಾಗದ್ದು. 17 ಇಂಚಿನ ಎರಡು ಜೀನುಗಳ ಪ್ಯಾನೆಲ್ ಉದ್ದ ಒಂದೇ ಇರುವುದಿಲ್ಲ.

ಬೆನ್ನಿನ ಆಕಾರವನ್ನು ಕಾಗದಕ್ಕೆ ಇಳಿಸಿ

ಇದಕ್ಕೆ ಬಾಗಿಸಿದ ಹಾಗೆಯೇ ಉಳಿಯುವ ರಬ್ಬರ್ ಪಟ್ಟಿ ಬೇಕು. ನಕ್ಷೆ ಬರೆಯುವವರು ಬಳಸುವ ಫ್ಲೆಕ್ಸಿಕರ್ವ್ ಅತ್ಯುತ್ತಮ. ಕನಿಷ್ಠ 60 ಸೆಂಟಿಮೀಟರ್ ಉದ್ದ ಇರಲಿ, ಅಗಲ ಬೆನ್ನಿಗೆ ಚಿಕ್ಕದು ಸಾಲುವುದಿಲ್ಲ.

ಹೆಗಲ ಮೂಳೆಯಿಂದ ಎರಡು ಬೆರಳು ಹಿಂದೆ ಪಟ್ಟಿಯನ್ನು ಅಡ್ಡಲಾಗಿ ಇಟ್ಟು ಮೈಗೆ ಒತ್ತಿ. ಅಲುಗಿಸದೆ ಎತ್ತಿ ದೊಡ್ಡ ಕಾಗದದ ಮೇಲಿಟ್ಟು ಒಳಂಚಿನಲ್ಲಿ ಗೆರೆ ಎಳೆಯಿರಿ. ಬೆನ್ನಿನ ಅತಿ ತಗ್ಗಿನ ಜಾಗದಲ್ಲಿ ಎರಡನೆಯದು, ಕೊನೆಯ ಪಕ್ಕೆಲುಬಿನ ಹತ್ತಿರ ಮೂರನೆಯದು. ಆಮೇಲೆ ಪಟ್ಟಿಯನ್ನು ಉದ್ದಕ್ಕೆ ಇಟ್ಟು ಮುಂದಿನಿಂದ ಹಿಂದಿನವರೆಗಿನ ಇಳಿಜಾರನ್ನೂ ಬರೆಯಿರಿ. ಪ್ರತಿ ಗೆರೆಗೂ ಎಡ ಯಾವುದು, ಬಲ ಯಾವುದು, ತಾರೀಖು ಏನು ಅಂತ ಗುರುತು ಹಾಕಿ. ಒಂದೊಂದನ್ನೂ ಎರಡು ಸಲ ತೆಗೆಯಿರಿ. ಎರಡೂ ಒಂದರ ಮೇಲೊಂದು ಕೂಡದಿದ್ದರೆ ಮೂರನೆಯ ಸಲ ತೆಗೆಯಿರಿ.

ಮೊದಲ ಗೆರೆಯನ್ನು ಗಟ್ಟಿ ರಟ್ಟಿಗೆ ದಾಟಿಸಿ ಕತ್ತರಿಸಿ. ಗೆರೆಯ ಒಳಗಿನ ಭಾಗ, ಅಂದರೆ ಕುದುರೆಯ ಮೈ ಇದ್ದ ಭಾಗ, ನಿಮಗೆ ಬೇಕಾದದ್ದು. ಜೀನು ನೋಡಲು ಹೋದಲ್ಲೆಲ್ಲ ಅದನ್ನು ಜೀನಿನ ಮುಂಭಾಗದ ಕಮಾನಿನ ಕೆಳಗೆ ಹಿಡಿದು ನೋಡಬಹುದು. ಕುದುರೆಯ ಹತ್ತಿರ ತರುವ ಮೊದಲೇ ಮುಕ್ಕಾಲು ಪಾಲು ಜೀನುಗಳನ್ನು ಈ ರಟ್ಟೇ ತಳ್ಳಿಹಾಕುತ್ತದೆ.

ಟ್ರೀ: ಎಲ್ಲಕ್ಕಿಂತ ಮುಖ್ಯ

ಜೀನಿನ ಒಳಗಿರುವ ಗಟ್ಟಿ ಚೌಕಟ್ಟಿಗೆ ಟ್ರೀ ಅನ್ನುತ್ತಾರೆ. ಮರ, ಉಕ್ಕು, ಪ್ಲಾಸ್ಟಿಕ್, ಯಾವುದರಿಂದಲಾದರೂ ಮಾಡಿರಬಹುದು. ಅದರ ಮುಂದಿನ ಕಮಾನು ಹೆಗಲ ದಿಬ್ಬವನ್ನು ಬಳಸಿ ಎರಡೂ ಕಡೆ ಇಳಿಯುತ್ತದೆ. ಸಾಮಾನ್ಯ ಜೀನಿನಲ್ಲಿ ಈ ಕಮಾನು ವಿ ಆಕಾರಕ್ಕೆ ಹತ್ತಿರ. ದಿಬ್ಬ ಎದ್ದು ಕಾಣುವ ಕುದುರೆಗೆ ಅದು ಸರಿ. ನಿಮ್ಮ ತಟ್ಟುವಿಗೆ ದಿಬ್ಬವೇ ಇಲ್ಲದಂತೆ ಬೆನ್ನು ಚಪ್ಪಟೆ ಇರುತ್ತದೆ, ಅಲ್ವಾ? ಅಲ್ಲಿಗೆ ತಲೆಕೆಳಗಾದ ಯು ಆಕಾರದ ಕಮಾನು ಬೇಕು. ಇದನ್ನು ಹೂಪ್ ಟ್ರೀ ಅಂತ ಕರೆಯುತ್ತಾರೆ.

ವಿ ಆಕಾರದ ಟ್ರೀಯನ್ನೇ ಇನ್ನಷ್ಟು ಅಗಲಿಸಿದರೆ ಸಾಲದೇ ಅಂತ ಕೇಳಬಹುದು. ಸಾಲದು. ತುದಿಗಳು ದೂರ ಹೋದರೂ ಮೇಲ್ಭಾಗ ಕಿರಿದಾಗಿಯೇ ಉಳಿಯುತ್ತದೆ. ಬೆನ್ನು ಅಗಲವಾಗಿರುವುದು ಮೇಲ್ಭಾಗದಲ್ಲೇ. ಅಗಲ ಬದಲಿಸಬಹುದಾದ ಜೀನುಗಳಲ್ಲೂ ಇದೇ ತೊಡಕು. ಮುಂದಿನ ಲೋಹದ ಪಟ್ಟಿ ಬದಲಿಸಿದರೆ ಕಮಾನಿನ ಅಗಲ, ಕೋನ ಬದಲಾಗುತ್ತವೆ. ಹಿಂದಿನ ಚೌಕಟ್ಟು ಇದ್ದ ಹಾಗೇ ಇರುತ್ತದೆ. ಆದ್ದರಿಂದ ಅಗಲ ಕುದುರೆಗೆಂದೇ ಮಾಡಿದ ಮಾದರಿಯನ್ನು ಕೇಳಿ. ವಿಂಟೆಕ್ ಕಂಪನಿಯ ವೈಡ್, ಥೋರೋಗುಡ್ ಕಂಪನಿಯ ಕಾಬ್ ಮಾದರಿಗಳು ಇಂಥವು. ಮೊದಲ ಸಲ ಹುಡುಕುವವರು ಇಂಥ ಜೀನಿನಿಂದ ಶುರು ಮಾಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಮೀಡಿಯಂ, ವೈಡ್, ಎಕ್ಸ್‌ಟ್ರಾ ವೈಡ್ ಅನ್ನುವ ಚೀಟಿಗಳನ್ನು ನಂಬಬೇಡಿ. ಇವಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಬ್ಬ ತಯಾರಕರ ವೈಡ್ ಇನ್ನೊಬ್ಬರ ಮೀಡಿಯಂ ಆಗಿರಬಹುದು. ನಿಮ್ಮ ರಟ್ಟು ಹೇಳುವುದೇ ಸರಿ.

ಉದ್ದದ ಇಳಿಜಾರನ್ನೂ ಮರೆಯಬೇಡಿ. ಅಗಲ ತಟ್ಟುಗಳ ಬೆನ್ನು ಬಹುಪಾಲು ನೇರ. ಬಾಗಿದ ಟ್ರೀ ಅದರ ಮೇಲೆ ನಡುವಿನಲ್ಲಿ ಮಾತ್ರ ತಾಗಿ, ಮುಂದೆ ಹಿಂದೆ ತೂಗುತ್ತದೆ. ಬೆನ್ನು ತಗ್ಗಿದ್ದು ಟ್ರೀ ನೇರವಾಗಿದ್ದರೆ ಉಲ್ಟಾ: ಎರಡು ತುದಿಗಳಲ್ಲಿ ಒತ್ತಿ ನಡುವೆ ಖಾಲಿ ಉಳಿಯುತ್ತದೆ. ಇದಕ್ಕೆ ಬ್ರಿಜ್ಜಿಂಗ್ ಅನ್ನುತ್ತಾರೆ. ಎರಡರಲ್ಲೂ ಇಡೀ ತೂಕ ಸಣ್ಣ ಜಾಗದ ಮೇಲೆ ಬೀಳುತ್ತದೆ.

ಪ್ಯಾನೆಲ್: ಉದ್ದ ಸಿಗದಿದ್ದರೆ ಅಗಲದಲ್ಲಿ ಪಡೆಯಿರಿ

ಬೆನ್ನು ಗಿಡ್ಡವಾದ್ದರಿಂದ ಪ್ಯಾನೆಲ್ ಉದ್ದ ಮಾಡಲಾಗದು. ಹಾಗಾಗಿ ಪ್ಯಾನೆಲ್ ಅಗಲವಾಗಿ, ಚಪ್ಪಟೆಯಾಗಿ ಇರಲಿ. ತೂಕ ಹರಡಲು ಇರುವ ದಾರಿ ಅದೊಂದೇ. ಜೀನಿನ ಹಿಂಭಾಗವನ್ನು ಪಕ್ಕದಿಂದ ನೋಡಿ. ಪ್ಯಾನೆಲ್ ಹಿಂತುದಿ ಮೇಲಕ್ಕೆ ಬಾಗಿದ್ದರೆ ಬೆನ್ನಿಗೆ ತಾಗುವ ಉದ್ದ ಕಡಿಮೆಯಾಗುತ್ತದೆ, ಸವಾರನ ಸೀಟು ಚಿಕ್ಕದಾಗುವುದಿಲ್ಲ. ಗಿಡ್ಡ ಬೆನ್ನಿಗೆ ಇದೇ ಬೇಕು. ಹಿಂದೆ ದಪ್ಪ ಗಸೆಟ್, ಅಂದರೆ ಪ್ಯಾನೆಲ್ಲಿನ ದಪ್ಪ ಹೆಚ್ಚಿಸಲು ಸೇರಿಸುವ ಪಟ್ಟಿ, ಹಾಕಿ ಚೌಕವಾಗಿ ಮುಗಿಸಿದ ಪ್ಯಾನೆಲ್ ಸೊಂಟದ ಮೇಲೆ ಹೋಗುವ ಸಾಧ್ಯತೆ ಜಾಸ್ತಿ.

ಎರಡು ಪ್ಯಾನೆಲ್‌ಗಳ ನಡುವಿನ ಕಾಲುವೆ ಉದ್ದಕ್ಕೂ ಮೂರು ನಾಲ್ಕು ಬೆರಳು ಅಗಲ ಇರಬೇಕು. ಮುಂದೆ ಅಗಲವಾಗಿದ್ದು ಹಿಂದೆ ಕಿರಿದಾಗುವ ಕಾಲುವೆ ಬೆನ್ನೆಲುಬಿನ ಅಂಚನ್ನು ಒತ್ತುತ್ತದೆ.

ಹೊಟ್ಟೆಪಟ್ಟಿ ಎಳೆಯುವ ಕಡೆಗೇ ಜೀನು ಹೋಗುತ್ತದೆ

ಅಳತೆಯೆಲ್ಲ ಸರಿ ಇದ್ದೂ ಜೀನು ಹೆಗಲ ಮೇಲೆ ಏರುತ್ತಿದ್ದರೆ ತಪ್ಪು ಇಲ್ಲಿರುತ್ತದೆ. ಹೊಟ್ಟೆಪಟ್ಟಿ ಯಾವಾಗಲೂ ಎದೆಗೂಡಿನ ಅತಿ ಕಿರಿದಾದ ಜಾಗಕ್ಕೆ ಸರಿಯುತ್ತದೆ. ದುಂಡು ಹೊಟ್ಟೆಯ ತಟ್ಟುವಿನಲ್ಲಿ ಆ ಜಾಗ ಮೊಣಕೈಯ ಹಿಂದೆಯೇ, ತೀರಾ ಮುಂದೆ ಇರುತ್ತದೆ. ಜೀನಿನ ಬಿಲೆಟ್‌ಗಳು, ಅಂದರೆ ಹೊಟ್ಟೆಪಟ್ಟಿಯ ಬಕಲ್ ಸಿಕ್ಕಿಸುವ ಪಟ್ಟಿಗಳು, ಅದಕ್ಕಿಂತ ಹಿಂದೆ ಇಳಿದಿದ್ದರೆ ಹೊಟ್ಟೆಪಟ್ಟಿ ಮುಂದೆ ಹೋಗುತ್ತಾ ಜೀನನ್ನೂ ಎಳೆದುಕೊಂಡು ಹೋಗುತ್ತದೆ. ನೀವು ಎಷ್ಟು ಬಿಗಿದರೂ ಅಷ್ಟೇ.

ಪಾಯಿಂಟ್ ಸ್ಟ್ರಾಪ್ ಇರುವ ಜೀನು ಹುಡುಕಿ. ಟ್ರೀಯ ಮುಂದಿನ ತುದಿಗೇ ಹೊಲಿದ ಪಟ್ಟಿ ಅದು. ಅದು ನೇರವಾಗಿ ಆ ಕಿರಿದಾದ ಜಾಗಕ್ಕೆ ಇಳಿಯುವುದರಿಂದ ಜೀನು ಹಿಂದೆಯೇ ನಿಲ್ಲುತ್ತದೆ. ಹಿಂಭಾಗ ಅಲ್ಲಾಡುತ್ತಿದ್ದರೆ ಹಿಂದಿನಿಂದ ಬರುವ ಬ್ಯಾಲೆನ್ಸ್ ಸ್ಟ್ರಾಪನ್ನೂ ಜೊತೆಗೆ ಕಟ್ಟಿ. ಹಳೆ ಜೀನಿಗೆ ಪಾಯಿಂಟ್ ಸ್ಟ್ರಾಪನ್ನು ಜೀನುಗಾರರು ಹೊಲಿದು ಕೊಡುತ್ತಾರೆ. ನಡುವೆ ಮುಂದಕ್ಕೆ ಬಾಗಿದ ಹೊಟ್ಟೆಪಟ್ಟಿಗಳೂ ಸಿಗುತ್ತವೆ. ಅವು ಮೊಣಕೈಗೆ ಉಜ್ಜದೆ ಮುಂದಿನ ಜಾಗದಲ್ಲಿ ಕೂರುತ್ತವೆ, ಬಿಲೆಟ್‌ಗಳು ನೇರವಾಗಿ ಇಳಿಯಲು ಬಿಡುತ್ತವೆ.

ಚಿಕ್ಕ ತಟ್ಟುಗಳಿಗೆ ಬಾಲದ ಕೆಳಗೆ ಹಾಯುವ ಕ್ರಪ್ಪರ್ ಪಟ್ಟಿ ಕಟ್ಟುವ ರೂಢಿ ಇದೆ. ಹೊಂದುವ ಜೀನು ಇಳಿಜಾರಿನಲ್ಲಿ ಸ್ವಲ್ಪ ಮುಂದೆ ಸರಿದರೆ ಅದು ಸಹಾಯ ಮಾಡುತ್ತದೆ. ಹೊಂದದ ಜೀನನ್ನು ಬಾಲಕ್ಕೆ ಕಟ್ಟಿ ಹಿಡಿಯುವುದು ಕುದುರೆಗೆ ಮಾಡುವ ಅನ್ಯಾಯ.

ಸವಾರನ ಪಾಲು

ಜೀನು ಮೊದಲು ಕುದುರೆಗೆ ಹೊಂದಬೇಕು, ಆಮೇಲೆ ಸವಾರನಿಗೆ. ಗಿಡ್ಡ ಬೆನ್ನಿನಲ್ಲಿ ಈ ಎರಡರ ಜಗಳ ಜೋರು. ದೊಡ್ಡ ಸವಾರನಿಗೆ ದೊಡ್ಡ ಸೀಟು ಬೇಕು, ಬೆನ್ನು ಅಷ್ಟು ಜಾಗ ಕೊಡುವುದಿಲ್ಲ. ಆಳವಿಲ್ಲದ ಚಪ್ಪಟೆ ಸೀಟು ಇಲ್ಲಿ ನೆರವಿಗೆ ಬರುತ್ತದೆ, ಅದರಲ್ಲಿ ಅದೇ ಉದ್ದಕ್ಕೆ ಕೂರಲು ಜಾಸ್ತಿ ಜಾಗ ಸಿಗುತ್ತದೆ. ಕಾಲಿನ ಕಡೆಯ ಫ್ಲಾಪ್ ನೇರವಾಗಿರಲಿ. ನೆಗೆತದ ಜೀನುಗಳ ಮುಂದೆ ಚಾಚಿದ ಫ್ಲಾಪ್ ಹೆಗಲ ಮೇಲೆ ಹೋಗುತ್ತದೆ. ಅಗಲ ಕುದುರೆಯ ಮೇಲೆ ಸವಾರನ ಸೊಂಟ ಹಿಗ್ಗಿ ನೋಯುವುದೂ ಉಂಟು. ಸೀಟಿನ ನಡುಭಾಗ ಕಿರಿದಾಗಿರುವ ಜೀನಿನಲ್ಲಿ ಇದು ಕಡಿಮೆ.

ತೂಕದ ಬಗ್ಗೆ ನೇರವಾಗಿ ಹೇಳಬೇಕು. ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ಐದರಲ್ಲಿ ಒಂದು ಪಾಲು ದಾಟಬಾರದು ಅನ್ನುವುದು ಸಾಮಾನ್ಯ ಮಿತಿ. ಅಮೆರಿಕದ ಒಹಾಯೋದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಮ್ಮ ತೂಕದ ಶೇಕಡಾ 25 ಮತ್ತು 30ರಷ್ಟು ಹೊತ್ತ ಕುದುರೆಗಳಿಗೆ ಸ್ನಾಯುಗಳ ನೋವು, ಬಿಗಿತ ಹೆಚ್ಚಾಗಿ ಕಂಡಿತು. ತಟ್ಟು ದಪ್ಪಗಿದ್ದರೆ ಕೊಬ್ಬಿನ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಹೊರುವ ಶಕ್ತಿ ಅಲ್ಲ. ಸವಾರನಿಗೆ ಸಾಲುವ ಜೀನು ಕೊನೆಯ ಪಕ್ಕೆಲುಬು ದಾಟಲೇಬೇಕು ಅಂತಾದರೆ, ಆ ಸವಾರ ಆ ಕುದುರೆಗೆ ದೊಡ್ಡವರು. ಒಪ್ಪುವುದು ಕಷ್ಟ, ಆದರೆ ಬೇರೆ ದಾರಿ ಇಲ್ಲ.

ಬೆನ್ನ ಮೇಲಿಟ್ಟು ನೋಡುವ ಕ್ರಮ

ಹಳೆ ಜೀನಾದರೆ ಮೊದಲು ಅದನ್ನೇ ಪರೀಕ್ಷಿಸಿ. ಮುಂಭಾಗವನ್ನು ತೊಡೆಗೆ ಒತ್ತಿ ಹಿಡಿದು ಹಿಂಭಾಗವನ್ನು ನಿಮ್ಮ ಕಡೆ ಎಳೆಯಿರಿ. ಸ್ವಲ್ಪ ಬಾಗಿ ಮರಳುವುದು ಸ್ಪ್ರಿಂಗ್ ಟ್ರೀಯ, ಅಂದರೆ ಬಾಗುವ ಉಕ್ಕಿನ ಪಟ್ಟಿ ಕೂರಿಸಿದ ಟ್ರೀಯ, ಗುಣ. ಸೀಟಿನ ಚರ್ಮ ಮಡಚಿಕೊಂಡರೆ, ಕಿರುಗುಟ್ಟಿದರೆ, ಒಂದೇ ಕಡೆ ಬಾಗಿದರೆ ಟ್ರೀ ಮುರಿದಿರಬಹುದು. ಅಂಥದ್ದನ್ನು ಬಿಟ್ಟಿ ಕೊಟ್ಟರೂ ಬೇಡ. ಪ್ಯಾನೆಲ್‌ಗಳನ್ನು ಒತ್ತಿ ಗಂಟು ಇದೆಯೇ ನೋಡಿ, ಬಿಲೆಟ್ ಹೊಲಿಗೆ ಎಳೆದು ನೋಡಿ.

ಈಗ ಬಟ್ಟೆ, ಪ್ಯಾಡ್ ಏನೂ ಇಲ್ಲದೆ ಜೀನನ್ನು ಬೆನ್ನಿನ ಮೇಲೆ ಸ್ವಲ್ಪ ಮುಂದೆ ಇಟ್ಟು ಹಿಂದಕ್ಕೆ ಜಾರಿಸಿ. ಅದು ತಾನಾಗಿ ನಿಲ್ಲುವ ಜಾಗವೇ ಅದರ ಜಾಗ. ಸೀಮೆಸುಣ್ಣದ ಎರಡು ಗುರುತುಗಳ ಒಳಗೆ ಬಂತೇ? ಪಕ್ಕದಿಂದ ನೋಡಿದರೆ ಸೀಟಿನ ಅತಿ ತಗ್ಗಿನ ಜಾಗ ನಡುವಿನಲ್ಲಿ ಇರಬೇಕು. ಮುಂದೆ ಮುಗ್ಗರಿಸಿದ್ದರೆ ಜೀನು ಅಗಲ ಜಾಸ್ತಿ, ಹಿಂದೆ ವಾಲಿದ್ದರೆ ಕಿರಿದು.

ಕಮಾನಿನ ಕೆಳಗೆ ಬೆರಳು ತೂರಿಸಿ ನೋಡುವುದು ಎಲ್ಲರಿಗೂ ಗೊತ್ತು. ಸವಾರ ಕೂತ ಮೇಲೂ ಕನಿಷ್ಠ ಎರಡು ಬೆರಳು ಜಾಗ ಇರಬೇಕು. ಆದರೆ ಚಪ್ಪಟೆ ಬೆನ್ನಿನಲ್ಲಿ ಈ ಪರೀಕ್ಷೆ ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ತೀರಾ ಕಿರಿದಾದ ಜೀನಿನ ಕೆಳಗೂ ಬೇಕಾದಷ್ಟು ಜಾಗ ಕಾಣುತ್ತದೆ, ಅದು ಮೇಲೆ ನಿಂತಿರುವುದರಿಂದ. ಫ್ಲಾಪ್ ಎತ್ತಿ ಟ್ರೀಯ ತುದಿಯ ಇಳಿಜಾರು ಕುದುರೆಯ ಮೈಯ ಇಳಿಜಾರಿಗೆ ಸಮನಾಗಿದೆಯೇ ನೋಡಿ. ಆಮೇಲೆ ಪ್ಯಾನೆಲ್ ಕೆಳಗೆ ಅಂಗೈಯನ್ನು ಮುಂದಿನಿಂದ ಹಿಂದಕ್ಕೆ ಸರಿಸಿ. ಒತ್ತಡ ಉದ್ದಕ್ಕೂ ಒಂದೇ ಸಮ ಇರಬೇಕು. ಎಲ್ಲಿ ಕೈ ಸಿಕ್ಕಿಕೊಳ್ಳುತ್ತದೋ, ಎಲ್ಲಿ ಸಡಿಲಾಗುತ್ತದೋ, ಅಲ್ಲಿ ತೊಂದರೆ ಇದೆ. ಹೊಟ್ಟೆಪಟ್ಟಿ ಕಟ್ಟಿ ಇದನ್ನೇ ಮತ್ತೆ ಮಾಡಿ. ಸವಾರ ಕೂತ ಮೇಲೆ ಇನ್ನೊಮ್ಮೆ.

ಸವಾರಿಯಲ್ಲಿ ನೋಡುವುದು

ಹತ್ತಲು ಎತ್ತರದ ಮಣೆ ಬಳಸಿ. ನೆಲದಿಂದ ಹತ್ತಿದರೆ ಎಷ್ಟೇ ಒಳ್ಳೆಯ ಜೀನೂ ದುಂಡು ಬೆನ್ನಿನ ಮೇಲೆ ತಿರುಗುತ್ತದೆ, ಟ್ರೀ ತಿರುಚುತ್ತದೆ. ತೆಳ್ಳಗಿನ ಬಟ್ಟೆ ಹಾಕಿ ನಡಿಗೆ, ಸಣ್ಣ ಓಟ (ಟ್ರಾಟ್), ನಾಗಾಲೋಟ, ಎರಡೂ ಕಡೆ ಸುತ್ತು, ಆಗುವುದಾದರೆ ಸ್ವಲ್ಪ ಇಳಿಜಾರು, ಎಲ್ಲ ಮಾಡಿ. ಒಬ್ಬರು ಹಿಂದೆ ನಿಂತು ನೋಡಲಿ, ಸಾಧ್ಯವಾದರೆ ಫೋನಿನಲ್ಲಿ ವಿಡಿಯೋ ಮಾಡಲಿ. ಜೀನಿನ ನಡುಗೆರೆ ಬೆನ್ನೆಲುಬಿನ ಮೇಲೆಯೇ ಇದೆಯೇ, ಹಿಂಭಾಗ ಮೇಲೆ ಕೆಳಗೆ ಬಡಿಯುತ್ತಿದೆಯೇ ಅನ್ನುವುದು ಹಿಂದಿನಿಂದ ಮಾತ್ರ ಕಾಣುತ್ತದೆ.

ಜೀನು ಯಾವಾಗಲೂ ಒಂದೇ ಕಡೆ ಜಾರುತ್ತಿದ್ದರೆ ಜೀನನ್ನೇ ದೂರಬೇಡಿ. ಸವಾರ ಓರೆಯಾಗಿ ಕೂತಿರಬಹುದು. ಹಿಂಗಾಲಿನ ಕುಂಟೂ ಕಾರಣ ಇರಬಹುದು. ಲೀನ್ ಗ್ರೀವ್ ಮತ್ತು ಸ್ಯೂ ಡೈಸನ್ ಎಂಬ ಪಶುವೈದ್ಯರು 2010ರ ದಶಕದಲ್ಲಿ ಮಾಡಿದ ಅಧ್ಯಯನಗಳಲ್ಲಿ, ಕುಂಟುವ ಹಿಂಗಾಲನ್ನು ಮದ್ದಿನಿಂದ ಮರಗಟ್ಟಿಸಿದಾಗ ಬಹುಪಾಲು ಕುದುರೆಗಳಲ್ಲಿ ಜೀನು ಜಾರುವುದೂ ನಿಂತಿತು. ಕಣ್ಣಿಗೆ ಕಾಣದಷ್ಟು ಸಣ್ಣ ಕುಂಟೂ ಸಾಕು. ಪಶುವೈದ್ಯರಿಗೆ ಒಮ್ಮೆ ತೋರಿಸಿ.

ಇಳಿದ ಮೇಲೆ ಬೆವರಿನ ಗುರುತು ನೋಡಿ. ಎರಡೂ ಕಡೆ ಒಂದೇ ಥರ ಒದ್ದೆಯಾಗಿರಬೇಕು. ನಡುವೆ ಒಣಗಿದ ತೇಪೆ ಇದ್ದರೆ ಅಲ್ಲಿ ಒತ್ತಡ ಅತಿಯಾಗಿರಬಹುದು, ಅಥವಾ ಪ್ಯಾನೆಲ್ ತಾಗದೇ ಇರಬಹುದು. ಯಾವುದು ಅನ್ನುವುದನ್ನು ಅಂಗೈ ಪರೀಕ್ಷೆ ಹೇಳುತ್ತದೆ. ಕೂದಲು ಕೆದರಿದ್ದರೆ ಜೀನು ಉಜ್ಜುತ್ತಿದೆ. ಜೀನಿನ ಜಾಗದಲ್ಲಿ ಬಿಳಿ ಕೂದಲು ಹುಟ್ಟಿದ್ದರೆ ಹಿಂದೆಂದೋ ಆದ ಗಾಯದ ಗುರುತು ಅದು. ಹೊಟ್ಟೆಪಟ್ಟಿ ಕಟ್ಟುವಾಗ ಕಿವಿ ಹಿಂದೆ ಮಲಗಿಸುವುದು, ಕಚ್ಚಲು ಬರುವುದು, ಬಾಲ ಬೀಸುವುದು, ಹೆಜ್ಜೆ ಗಿಡ್ಡವಾಗುವುದು, ಇವನ್ನು ಹಟ ಅಂತ ಬೈಯಬೇಡಿ. ತಟ್ಟುಗಳು ತುಂಬಾ ಸಹಿಸುತ್ತವೆ. ತೋರಿಸುವ ಹೊತ್ತಿಗೆ ನೋವು ಹಳೆಯದಾಗಿರುತ್ತದೆ.

ಪ್ಯಾಡ್, ಟ್ರೀ ಇಲ್ಲದ ಜೀನು, ಮರುಪರೀಕ್ಷೆ

ಕಿರಿದಾದ ಜೀನಿನ ಕೆಳಗೆ ದಪ್ಪ ಪ್ಯಾಡ್ ಹಾಕುವುದು ಬಿಗಿಯಾದ ಬೂಟಿನೊಳಗೆ ಇನ್ನೊಂದು ಜೊತೆ ಕಾಲುಚೀಲ ಹಾಕಿದ ಹಾಗೆ. ಪ್ಯಾಡ್ ಬೇಕಾಗುವುದು ತುಸು ಅಗಲವಾದ ಜೀನಿಗೆ, ಅದೂ ಸ್ವಲ್ಪ ದಿನದ ಮಟ್ಟಿಗೆ.

ಟ್ರೀ ಇಲ್ಲದ ಜೀನು ಎಂಥ ಬೆನ್ನಿಗೂ ಹೊಂದುತ್ತದೆ ಅನ್ನುತ್ತಾರೆ. ದುಂಡು ಬೆನ್ನಿನಲ್ಲಿ ಅದೇ ಬೇಗ ತಿರುಗುತ್ತದೆ. ಬೆನ್ನೆಲುಬಿನ ಮೇಲೆ ಜಾಗ ಬಿಡುವ ವಿಶೇಷ ಪ್ಯಾಡ್ ಬೇಕು, ರಿಕಾಪು ನೇತಾಡುವ ಜಾಗದಲ್ಲಿ ಒತ್ತಡ ಬೀಳುತ್ತದೆ. ಹಗುರ ಸವಾರ, ಕಡಿಮೆ ಹೊತ್ತಿನ ಸವಾರಿಗೆ ಪರವಾಗಿಲ್ಲ. ವೆಸ್ಟರ್ನ್ ಜೀನು ಇಷ್ಟಪಡುವವರು ಕೆಳಗಿನ ಚರ್ಮದ ಅಂಚು ದುಂಡಗೆ ಕತ್ತರಿಸಿದ್ದನ್ನೇ ಆರಿಸಿ. ಚೌಕದ್ದು ಸೊಂಟಕ್ಕೆ ಚುಚ್ಚುತ್ತದೆ.

ಕೊಳ್ಳುವ ಮೊದಲು ಕೆಲವು ದಿನ ಬಳಸಿ ನೋಡಲು ಒಪ್ಪುವವರಿಂದಲೇ ಕೊಳ್ಳಿ. ತರಬೇತಿ ಪಡೆದ ಜೀನುಗಾರರು ಸಿಕ್ಕರೆ ಅವರನ್ನು ಕರೆಸಿ, ನಿಮ್ಮ ಗೆರೆಗಳನ್ನು ಅವರಿಗೆ ತೋರಿಸಿ. ಬ್ರಿಟನ್ನಿನ ಸೊಸೈಟಿ ಆಫ್ ಮಾಸ್ಟರ್ ಸ್ಯಾಡ್ಲರ್ಸ್ ಇಂಥವರಿಗೆ ತರಬೇತಿ, ಅರ್ಹತೆ ಕೊಡುವ ಹಳೆಯ ಸಂಸ್ಥೆ. ಉಣ್ಣೆ ತುಂಬಿದ ಹೊಸ ಜೀನು ಮೊದಲ ಎರಡು ಮೂರು ತಿಂಗಳಲ್ಲಿ ಕುಗ್ಗುತ್ತದೆ. ಆಗ ಒಮ್ಮೆ ಉಣ್ಣೆ ಸರಿಪಡಿಸಬೇಕು. ಆಮೇಲೆ ಆರು ತಿಂಗಳಿಗೊಮ್ಮೆ ಫ್ಲೆಕ್ಸಿಕರ್ವ್ ತೆಗೆದು ಹೊಸ ಗೆರೆ ಎಳೆದು ಹಳೆಯದರ ಮೇಲಿಟ್ಟು ನೋಡಿ. ಹಸಿ ಹುಲ್ಲು ಬರುವ ಕಾಲದಲ್ಲಿ ಆರು ತಿಂಗಳು ಕಾಯಬೇಡಿ. ಅಗಲ ತಟ್ಟುಗಳು ಕೆಲವೇ ವಾರಗಳಲ್ಲಿ ದಪ್ಪಗಾಗುತ್ತವೆ. ಗೆರೆಗಳು ಬೆರಳಷ್ಟು ಬೇರೆಯಾಗಿದ್ದರೆ ಸವಾರಿ ನಿಲ್ಲಿಸಿ ಜೀನುಗಾರರನ್ನು ಕರೆಸಿ.